ಎರಡಂಕಿ ಜನ, ನಾಲ್ಕಂಕಿ ಗಾಡಿ

ಎಣಿಕೆಯವರು: ಇಲ್ಲ ಅಜ್ಜಿ, ಆಗಲ್ಲ. ನಿಮ್ಮನ್ನ ಆಗಲೇ ನಾಲ್ಕು ಸಲ ಎಣಿಸಾಯ್ತು.

ಟೇಪಜ್ಜಿ: ಐದನೇ ಸಲ ದಾಟಿದೀನಲ್ಲ, ಐದು ಅಂತ ಎಣಿಸಿ.

ಎಣಿಕೆಯವರು: ಯಾಕೆ ದಾಟಿದ್ರಿ?

ಟೇಪಜ್ಜಿ: ಕನ್ನಡಕ ಮರೆತು ಬಂದಿದ್ದೆ, ತರಕ್ಕೆ ಹೋಗಿದ್ದೆ.

ಎಣಿಕೆಯವರು: ಕನ್ನಡಕ ಬೆಳಿಗ್ಗೆಯಿಂದ ನಿಮ್ಮ ಮೂಗಿನ ಮೇಲೇ ಇದೆ.

ಟೇಪಜ್ಜಿ: ಅದು ಮನೆಗೆ ಹೋದ ಮೇಲೆ ಗೊತ್ತಾಯ್ತು.

ಎಣಿಕೆಯವರು: ಮೂರನೇ ಸಲ ಛತ್ರಿ ತರಕ್ಕೆ ಹೋದ್ರಿ. ನಾಲ್ಕನೇ ಸಲ ಮಳೆ ಇಲ್ಲ ಅಂತ ಛತ್ರಿ ಇಟ್ಟು ಬರಕ್ಕೆ ಹೋದ್ರಿ. ಒಂದು ಗಂಟೆ ಒಳಗೆ ಒಬ್ಬರನ್ನ ಒಂದೇ ಸಲ ಎಣಿಸಬೇಕು ಅಂತ ನಿಯಮ. ವಯಸ್ಸಾದೋರು ಅಂತ ನಾಲ್ಕು ಸಲ ಸುಮ್ಮನಿದ್ದೆ.

ಟೇಪಜ್ಜಿ: ಹಾಗಾದ್ರೆ ಐದನೇ ಸಲಕ್ಕೆ ಇನ್ನೂ ಸ್ವಲ್ಪ ವಯಸ್ಸಾಗಿದೆ, ಅದನ್ನೂ ನೋಡಿ.

ಮಾತು ನಡೆಯುತ್ತಿದ್ದದ್ದು ಶಾಲೆಯ ಗೇಟಿನ ಮುಂದೆ. ರಸ್ತೆ ಇಲಾಖೆಯ ಎಣಿಕೆಯವರು ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಎರಡು ಅಂಗೈಯಲ್ಲೂ ಒಂದೊಂದು ಎಣಿಸುವ ಯಂತ್ರ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದಂಕಿ ಮುಂದೆ ಹೋಗುತ್ತದೆ. ಎಡಗೈಯದು ರಸ್ತೆ ದಾಟುವ ಜನರಿಗೆ, ಬಲಗೈಯದು ಗಾಡಿಗಳಿಗೆ. ಎದುರಿನ ದೀಪದ ಕಂಬದ ನೇರವನ್ನು ದಾಟಿ ಹೋದ ಗಾಡಿಗೆ ಮಾತ್ರ ಲೆಕ್ಕ.

ಟೇಪಜ್ಜಿ ಎದುರು ಬೀದಿಯಲ್ಲಿ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಅಂಗಡಿ ಮುಚ್ಚಿದರೂ ಕೊರಳಿನ ಅಳತೆ ಟೇಪು ಇಳಿದಿರಲಿಲ್ಲ. ಅವಳಿಗೆ ಈಗ ಉಳಿದಿದ್ದ ಒಂದೇ ಉದ್ಯೋಗವೆಂದರೆ ಮೊಮ್ಮಗಳ ಕೈ ಹಿಡಿದು ಬೆಳಿಗ್ಗೆ ಶಾಲೆಗೆ ಬಿಡುವುದು, ಮಧ್ಯಾಹ್ನ ಕರೆದುತರುವುದು. ಆ ಉದ್ಯೋಗಕ್ಕೂ ಈಗ ಸಂಚಕಾರ ಬಂದಿತ್ತು. ಕಳೆದ ವಾರ ಒಂದು ಕಾರು ಅಜ್ಜಿಯ ಸೆರಗಿಗೆ ತಾಕಿಕೊಂಡೇ ಹೋಗಿತ್ತು. ಅವತ್ತೇ ಸೊಸೆ ತೀರ್ಪು ಕೊಟ್ಟಿದ್ದಳು. ಗೇಟಿನ ಮುಂದೆ ದಾಟುವ ಬಿಳಿ ಪಟ್ಟೆ ಬಂದರೆ ಸರಿ, ಇಲ್ಲವಾದರೆ ಸೋಮವಾರದಿಂದ ಮಗು ವ್ಯಾನಿನಲ್ಲಿ. ಇವತ್ತು ಶುಕ್ರವಾರ.

ಟೇಪಜ್ಜಿ: ಪಟ್ಟೆ ಬರಕ್ಕೆ ಎಷ್ಟು ಜನ ದಾಟಬೇಕು ಅಂದ್ರಿ?

ಎಣಿಕೆಯವರು: ಗಂಟೆಗೆ ಅರವತ್ತು. ಅದೇ ಗಂಟೇಲಿ ಗಾಡಿಗಳು ಮುನ್ನೂರು ದಾಟಬೇಕು. ಎರಡೂ ಸೇರಬೇಕು.

ಟೇಪಜ್ಜಿ: ಗಾಡಿ ಬಿಡಿ, ಅದಕ್ಕೇನು ಬರಗಾಲ. ಜನ ಎಷ್ಟಾಯ್ತು?

ಎಣಿಕೆಯವರು: ಹದಿನೇಳು. ಅದರಲ್ಲಿ ನಾಲ್ಕು ನೀವೇ.

ಟೇಪಜ್ಜಿ: ಪಟ್ಟೆ ಇಲ್ಲ ಅಂತ ಜನ ದಾಟಲ್ಲ ಸಾಹೇಬ್ರೇ.

ಎಣಿಕೆಯವರು: ಜನ ದಾಟಲ್ಲ ಅಂತ ಪಟ್ಟೆ ಇಲ್ಲ ಅಜ್ಜಿ.

ಟೇಪಜ್ಜಿ: ಇದು ಈಜು ಕಲಿತ ಮೇಲೇ ನೀರಿಗೆ ಇಳಿ ಅಂದಹಾಗಾಯ್ತು.

ಎಣಿಕೆಯವರು: ನೀರಿನ ವಿಷಯ ಬೇರೆ ಇಲಾಖೆ.

ಅಜ್ಜಿ ಸೋತು ಸುಮ್ಮನಾಗುವ ಪೈಕಿ ಅಲ್ಲ. ಅವಳ ಕಣ್ಣು ಎಣಿಕೆಯವರ ಪ್ಯಾಂಟಿನ ಮೇಲೆ ಹೋಯಿತು. ಎಡಗಾಲಿನ ಅಂಚು ಬಿಚ್ಚಿಕೊಂಡು ಬೂಟಿನ ಕೆಳಗೆ ಸಿಕ್ಕಿತ್ತು.

ಟೇಪಜ್ಜಿ: ಅಂಚು ಬಿಚ್ಚಿದೆ. ಕೊಡಿ, ಎರಡು ನಿಮಿಷದಲ್ಲಿ ಹೊಲಿದು ಕೊಡ್ತೀನಿ.

ಎಣಿಕೆಯವರು: ಕೊಟ್ಟು ನಾನೇನು ಮಾಡ್ಲಿ?

ಟೇಪಜ್ಜಿ: ಹೇಗೂ ಕೂತೇ ಇರ್ತೀರಿ. ತೊಡೆ ಮೇಲೆ ಅಷ್ಟು ದೊಡ್ಡ ಫೈಲು ಬೇರೆ ಇದೆ.

ಎಣಿಕೆಯವರು: ಅಜ್ಜಿ, ಇದನ್ನ ಲಂಚ ಅಂತಾರೆ.

ಟೇಪಜ್ಜಿ: ನಮ್ಮ ಕಸುಬಲ್ಲಿ ಮಡಿಕೆ ಹೊಲಿಗೆ ಅಂತೀವಿ. ಹೋಗ್ಲಿ, ಹೊಸ ಪ್ಯಾಂಟೇ ಹೊಲೀತೀನಿ, ಸೊಂಟ ಎಷ್ಟು?

ಎಣಿಕೆಯವರು: ಮೂವತ್ತೆರಡು.

ಟೇಪಜ್ಜಿ: ಮೂವತ್ತೇಳು.

ಎಣಿಕೆಯವರು: ನೀವು ಅಳೆದೇ ಇಲ್ಲ.

ಟೇಪಜ್ಜಿ: ಅಳೀಬೇಕಾ? ಸೊಂಟದ ಮಾತು ಎತ್ತಿದ ತಕ್ಷಣ ಹೊಟ್ಟೆ ಒಳಗೆ ಎಳ್ಕೊಂಡ್ರಲ್ಲ, ಅದರಲ್ಲೇ ಗೊತ್ತಾಯ್ತು. ಉಸಿರು ಕಟ್ಟಿ ಅಳತೆ ಕೊಟ್ಟು ಹೋಗ್ತಾರೆ, ಬಟ್ಟೆ ಬಿಗಿಯಾದ ದಿನ ಬಂದು ನನ್ನನ್ನ ಬೈತಾರೆ.

ಎಣಿಕೆಯವರು ಉಸಿರು ಬಿಟ್ಟರು. ಅಂಗಿಯ ಒಂದು ಗುಂಡಿ ನರಳಿತು. ಅಷ್ಟರಲ್ಲಿ ಗೇಟಿನ ಮುಂದೆ ಗಾಡಿಗಳು ಒಂದಕ್ಕೊಂದು ಮೂತಿ ತಾಗಿಸಿ ನಿಂತವು. ಬಾಗಿಲು ತೆರೆಯಲೂ ಜಾಗವಿಲ್ಲದೆ ಮಕ್ಕಳು ಕಿಟಕಿಯಿಂದ ಶಾಲೆ ನೋಡುತ್ತಾ ಕೂತರು. ಅಜ್ಜಿಯ ಎದುರಿಗೇ ಬಂದು ನಿಂತದ್ದು ಒಂದು ಕೆಂಪು ಕಾರು. ಅದರಲ್ಲಿದ್ದವಳು ರಸ್ತೆಯ ಆಚೆಬದಿಯ ಕಟ್ಟಡದ ಮೂರನೇ ಮಹಡಿಯವಳು. ಅವಳ ಮನೆಯ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಇಲ್ಲಿಂದಲೇ ಕಾಣುತ್ತಿತ್ತು.

ಟೇಪಜ್ಜಿ: ಏನಮ್ಮ, ಮನೆ ಬದಲಾಯಿಸಿದ್ಯಾ?

ಮೂರನೇ ಮಹಡಿ: ಇಲ್ಲ ಅಜ್ಜಿ, ಅದೇ ಮನೆ.

ಟೇಪಜ್ಜಿ: ಮತ್ತೆ ಕಾರು?

ಮೂರನೇ ಮಹಡಿ: ಮಗನ್ನ ಬಿಡಕ್ಕೆ. ನಮ್ಮ ಗೇಟಿಂದ ಎಡಕ್ಕೆ ತಿರುಗಿ, ದೂರದ ವೃತ್ತ ಸುತ್ತಿ, ಈ ಕಡೆಯಿಂದ ಬರ್ತೀನಿ. ಇಪ್ಪತ್ತು ನಿಮಿಷ ಆಗುತ್ತೆ.

ಟೇಪಜ್ಜಿ: ನಡೆದ್ರೆ ಹದಿನಾಲ್ಕು ಹೆಜ್ಜೆ.

ಮೂರನೇ ಮಹಡಿ: ದಾಟಕ್ಕೆ ಭಯ ಅಜ್ಜಿ. ಎಷ್ಟು ಕಾರು ನೋಡಿ.

ಟೇಪಜ್ಜಿ: ಯಾರ ಕಾರು?

ಅವಳು ಮುಂದೆ ನೋಡಿದಳು. ಮುಂದಿನ ಕಾರು ಎರಡನೇ ಮಹಡಿಯವಳದು. ಹಿಂದೆ ನೋಡಿದಳು. ಹಿಂದಿನದು ಪಕ್ಕದ ಕಟ್ಟಡದವಳದು.

ಮೂರನೇ ಮಹಡಿ: ಬೇರೆಯವರದ್ದು.

ಟೇಪಜ್ಜಿ: ಮಧ್ಯಾಹ್ನ ನಡೆದುಕೊಂಡು ಬಾ. ನಾನೇ ಕೈ ಹಿಡಿದು ದಾಟಿಸ್ತೀನಿ.

ಮೂರನೇ ಮಹಡಿ: ಮಧ್ಯಾಹ್ನ ನನಗೆ ಬೇರೆ ಕೆಲಸ...

ಟೇಪಜ್ಜಿ: ನನ್ನ ಹಳೇ ಅಳತೆ ಪುಸ್ತಕ ಇನ್ನೂ ಇದೆಯಮ್ಮ. ನಿನ್ನ ಮದುವೆ ಬಟ್ಟೆಗೆ ಸೊಂಟ ಇಪ್ಪತ್ತೆಂಟು ಅಂತ ಬರೆದಿದೀನಿ. ಹೋದ ವರ್ಷ ಬಂದಾಗ ಬರೆದಿದ್ದು ಎಷ್ಟು ಗೊತ್ತಾ?

ಮೂರನೇ ಮಹಡಿ: ಅಜ್ಜಿ, ಮೆಲ್ಲಗೆ.

ಟೇಪಜ್ಜಿ: ನಡೆದುಕೊಂಡು ಬಾ, ಮೆಲ್ಲಗೆ ಮಾತಾಡ್ತೀನಿ.

ಗಂಟೆ ಒಂಬತ್ತಾಯಿತು. ಎಣಿಕೆಯವರು ಫೈಲಿನಲ್ಲಿ ಬರೆದರು: ಜನ ಹದಿನೇಳು, ಗಾಡಿ ಐನೂರ ಹನ್ನೆರಡು. ಇನ್ನು ಉಳಿದದ್ದು ಮಧ್ಯಾಹ್ನ ಮೂರರಿಂದ ನಾಲ್ಕರವರೆಗಿನ ಒಂದೇ ಗಂಟೆ. ಅಜ್ಜಿ ಅಳತೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಗೆ ಹೊರಟಳು. ಅವಳು ಪುಸ್ತಕ ತೆರೆಯುವ ಪ್ರಮೇಯವೇ ಬರಲಿಲ್ಲ. ಕಂಕುಳಲ್ಲಿ ಕಂಡಷ್ಟಕ್ಕೇ ಎಲ್ಲರೂ ಒಪ್ಪಿಕೊಂಡರು.

ಮೂರು ಗಂಟೆಗೆ ನೋಡಬೇಕಿತ್ತು ಆ ರಸ್ತೆಯನ್ನು. ಅಮ್ಮಂದಿರು, ಅಪ್ಪಂದಿರು, ದೊಡ್ಡಮ್ಮ, ಚಿಕ್ಕಪ್ಪ, ಎಂದೂ ಹೊರಗೆ ಕಾಲಿಡದ ಒಬ್ಬ ಸೋದರಮಾವ, ಎಲ್ಲರೂ ದಂಡು ಕಟ್ಟಿಕೊಂಡು ದಾಟಿದರು. ಶಾಲೆ ಬಿಡುವುದು ನಾಲ್ಕಕ್ಕೆ ಐದು ನಿಮಿಷ ಇರುವಾಗ. ಹಾಗಿದ್ದರೂ ಯಾರಿಗೂ ಬೇಸರವಿರಲಿಲ್ಲ. ಒಂದೇ ಕಟ್ಟಡದಲ್ಲಿದ್ದು ಗಾಜಿನ ಆಚೆಯಿಂದ ಕೈ ಬೀಸುತ್ತಿದ್ದವರು ಮೊದಲ ಸಲ ಒಬ್ಬರ ದನಿ ಒಬ್ಬರು ಕೇಳಿದರು. ಎಣಿಕೆಯವರ ಎಡಗೈ ಹೆಬ್ಬೆರಳಿಗೆ ಬಿಡುವಿಲ್ಲ. ಟಿಕ್ ಟಿಕ್ ಟಿಕ್.

ಟೇಪಜ್ಜಿ: ಎಷ್ಟಾಯ್ತು?

ಎಣಿಕೆಯವರು: ಹನ್ನೊಂದು.

ಟೇಪಜ್ಜಿ: ಏನು? ಊರೇ ದಾಟಿದೆ, ಹನ್ನೊಂದಾ?

ಎಣಿಕೆಯವರು: ತೊಂಬತ್ತೊಂಬತ್ತು ಆದ ಮೇಲೆ ಸೊನ್ನೆಗೆ ಬಂತು. ಇದಕ್ಕೆ ಎರಡೇ ಅಂಕಿ.

ಟೇಪಜ್ಜಿ: ಗಾಡಿದಕ್ಕೆ?

ಎಣಿಕೆಯವರು: ನಾಲ್ಕಂಕಿ.

ಟೇಪಜ್ಜಿ: ಜನಕ್ಕೆ ಎರಡಂಕಿ, ಗಾಡಿಗೆ ನಾಲ್ಕಂಕಿ. ಯಾರು ಕೊಟ್ಟಿದ್ದು ಈ ಭಾಗ್ಯ?

ಎಣಿಕೆಯವರು: ಇಲಾಖೆಯವರು ಅನುಭವದ ಮೇಲೆ ಕೊಟ್ಟಿದ್ದು. ಇದುವರೆಗೆ ಯಾವ ರಸ್ತೇಲೂ ಮೂರನೇ ಅಂಕಿ ಬೇಕಾಗಿರಲಿಲ್ಲ. ಚಿಂತೆ ಮಾಡಬೇಡಿ, ನೂರ ಹನ್ನೊಂದು ಅಂತಲೇ ಬರೀತೀನಿ.

ಟೇಪಜ್ಜಿ: ಹಾಗಾದ್ರೆ ಪಟ್ಟೆ ನಮ್ಮದು.

ಎಣಿಕೆಯವರು ಬಲಗೈಯನ್ನು ಮೆಲ್ಲಗೆ ತಿರುಗಿಸಿ ತೋರಿಸಿದರು. ನಾಲ್ಕಂಕಿಯ ಯಂತ್ರದಲ್ಲಿ ಮುಂದಿನ ಎರಡು ಸೊನ್ನೆ ಅಲುಗಾಡದೆ ನಿಂತಿದ್ದವು.

ಎಣಿಕೆಯವರು: ಗಾಡಿ ನಲವತ್ತು. ಮುನ್ನೂರು ಬೇಕು.

ಟೇಪಜ್ಜಿ: ಅಯ್ಯೋ, ಗಾಡಿ ಕಡಿಮೆ ಆದ್ರೆ ಒಳ್ಳೇದಲ್ವಾ?

ಎಣಿಕೆಯವರು: ಒಳ್ಳೇದೇ. ಆದ್ರೆ ಒಳ್ಳೇ ರಸ್ತೆಗೆ ಪಟ್ಟೆ ಕೊಡಲ್ಲ.

ಕಾರಿನವರನ್ನೆಲ್ಲ ಕಾಲ್ನಡಿಗೆಗೆ ಇಳಿಸಿದರೆ ಕಾರು ತಾನೇ ಎಲ್ಲಿಂದ ಬರಬೇಕು? ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ ಎನ್ನುವ ಕಂಬಳಿಯ ಕತೆ. ಆದರೆ ಬಟ್ಟೆ ಸಾಲದಿದ್ದಾಗ ತೇಪೆ ಹಾಕಿ ಉದ್ದ ಮಾಡುವುದು ಅಜ್ಜಿಗೆ ಹೊಸದಲ್ಲ.

ಟೇಪಜ್ಜಿ: ಅದೇ ಗಾಡಿ ಹತ್ತು ಸಲ ಬಂದ್ರೆ?

ಎಣಿಕೆಯವರು: ಹತ್ತು ಅಂತಲೇ ಲೆಕ್ಕ.

ಟೇಪಜ್ಜಿ: ಅದೇ ಅಜ್ಜಿ ಹತ್ತು ಸಲ ಬಂದ್ರೆ?

ಎಣಿಕೆಯವರು: ಒಂದು.

ಟೇಪಜ್ಜಿ: ನನಗೂ ನಾಲ್ಕು ಚಕ್ರ ಇರಬೇಕಿತ್ತು.

ಅಜ್ಜಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದಳು.

ಟೇಪಜ್ಜಿ: ನಡೆದಿದ್ದು ಸಾಕು. ಎಲ್ಲರೂ ಮನೆಗೆ ಹೋಗಿ ಕಾರು ತನ್ನಿ.

ಮೂರನೇ ಮಹಡಿ: ಬೆಳಿಗ್ಗೆ ಕಾರು ತರಬೇಡ ಅಂದ್ರಿ.

ಟೇಪಜ್ಜಿ: ಅದು ಬೆಳಿಗ್ಗೆ. ಈಗ ಜನ ಜಾಸ್ತಿಯಾಗಿದಾರೆ, ಗಾಡಿ ಕಡಿಮೆ ಬಿದ್ದಿದೆ.

ಮೂರನೇ ಮಹಡಿ: ಕಾರು ತಂದು ಎಲ್ಲಿಗೆ ಹೋಗ್ಬೇಕು?

ಟೇಪಜ್ಜಿ: ಎಲ್ಲಿಗೂ ಇಲ್ಲ. ಈ ಕಂಬ ದಾಟಿ ಹೋಗೋದು, ತಿರುಗಿಸಿಕೊಂಡು ಕಂಬ ದಾಟಿ ಬರೋದು. ದಿನಾ ಮಾಡೋದು ಅದೇ ತಾನೇ?

ಹತ್ತು ನಿಮಿಷದಲ್ಲಿ ಇಪ್ಪತ್ತೈದು ಕಾರುಗಳು ರಸ್ತೆಗೆ ಬಂದವು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಸೋದರಮಾವನಿಗೆ ಕಾರು ಇರಲಿಲ್ಲ. ಯಾರದೋ ಹಿಂದಿನ ಸೀಟಿನಲ್ಲಿ ಕೂತು ಪ್ರತಿ ಸುತ್ತಿಗೂ ಅಜ್ಜಿಗೆ ಕೈ ಬೀಸಿದ. ಎಣಿಕೆಯವರು ಮೊದಲು ಕುರ್ಚಿಯ ತುದಿಗೆ ಬಂದರು, ಆಮೇಲೆ ಎದ್ದು ನಿಂತರು, ಕೊನೆಗೆ ಕುರ್ಚಿಯ ಮೇಲೆಯೇ ಹತ್ತಿದರು. ಹನ್ನೆರಡು ವರ್ಷದಿಂದ ರಸ್ತೆಬದಿಯಲ್ಲಿ ಕೂತು ಟಿಕ್ ಟಿಕ್ ಎಂದು ಒತ್ತಿದವರಿಗೆ ಒಂದು ಅಂಕಿಯೂ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ಎಣಿಕೆಯವರು: ಇನ್ನೂರ ಎಪ್ಪತ್ತು. ಬಿಳಿ ಕಾರು, ಬೇಗ ಬೇಗ. ಇನ್ನೂರ ಎಂಬತ್ತು.

ಟೇಪಜ್ಜಿ: ನಿಯಮ ಸಾಹೇಬ್ರೇ, ನಿಯಮ.

ಎಣಿಕೆಯವರು: ನಿಯಮ ಇದ್ದಲ್ಲೇ ಇದೆ, ನಾನು ಸ್ವಲ್ಪ ಮೇಲೆ ಇದೀನಿ. ಇನ್ನೂರ ಎಂಬತ್ತೆಂಟು.

ಅಲ್ಲಿಗೆ ನಿಂತಿತು. ಗಾಡಿ ಹೆಚ್ಚಾಗಿ ಗಾಡಿಗೇ ದಾರಿಯಿಲ್ಲದೆ ತಿರುವಿನಲ್ಲಿ ಎಲ್ಲವೂ ಗಂಟುಬಿದ್ದವು. ಇನ್ನು ಹನ್ನೆರಡು ಬೇಕು, ಉಳಿದದ್ದು ಹತ್ತು ನಿಮಿಷ. ಎಣಿಕೆಯವರು ಕುರ್ಚಿಯಿಂದ ಇಳಿದು ಎರಡೂ ಯಂತ್ರಗಳನ್ನು ಅಜ್ಜಿಯ ಎರಡು ಕೈಗೆ ಕೊಟ್ಟರು.

ಟೇಪಜ್ಜಿ: ನೀವೆಲ್ಲಿಗೆ?

ಎಣಿಕೆಯವರು: ನನ್ನ ಸ್ಕೂಟರೂ ಗಾಡಿನೇ. ಕಂಬ ದಾಟಿದ ಹಾಗೆಲ್ಲ ಬಲಗೈ ಒತ್ತಿ.

ಅವರು ಪ್ಯಾಂಟಿನ ಬಿಚ್ಚಿದ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಹೊರಟರು. ಹೋದರು, ಟಿಕ್. ಬಂದರು, ಟಿಕ್. ಅಜ್ಜಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒತ್ತಿದಳು. ಇನ್ನೂರ ತೊಂಬತ್ತೈದು. ಇನ್ನೂರ ತೊಂಬತ್ತಾರು. ಕುಣಿಯುವುದೊಂದು ಬಾಕಿ. ಹಿಂದಿನಿಂದ ಪರಿಚಯದ ದನಿಯೊಂದು ಕೇಳಿತು.

ಸೊಸೆ: ಅತ್ತೆ, ಏನಿದು?

ಟೇಪಜ್ಜಿ: ಬಂದ್ಯಾ? ಆಫೀಸು ಇಷ್ಟು ಬೇಗ ಬಿಡ್ತಾ?

ಸೊಸೆ: ವ್ಯಾನಿನವನ ಹತ್ತಿರ ಮಾತಾಡೋಣ ಅಂತ ಆಫೀಸಲ್ಲಿ ಕೇಳಿಕೊಂಡು ಬೇಗ ಬಂದೆ. ಇಷ್ಟೊಂದು ಗಾಡಿ ಎಲ್ಲಿಂದ ಬಂತು?

ಟೇಪಜ್ಜಿ: ನಾನೇ ಕರೆಸಿದೆ.

ಸೊಸೆ: ಗಾಡಿ ಜಾಸ್ತಿ ಅಂತ ತಾನೇ ನಾವು ಪಟ್ಟೆ ಕೇಳಿದ್ದು?

ಟೇಪಜ್ಜಿ: ಹೂಂ. ಪಟ್ಟೆ ಬೇಕು ಅಂತ ಗಾಡಿ ಕೇಳಿದೆ.

ಹೇಳಿದ ಮೇಲೆ ಆ ಮಾತು ಅಜ್ಜಿಯ ಕಿವಿಗೇ ಒಂಥರಾ ಕೇಳಿಸಿತು. ಸ್ಕೂಟರು ಮತ್ತೆ ಮೂರು ಸಲ ಕಂಬ ದಾಟಿತು. ಇನ್ನೂರ ತೊಂಬತ್ತೊಂಬತ್ತು. ಆಗಲೇ ಶಾಲೆಯ ಗಂಟೆ ಹೊಡೆಯಿತು. ಆಗಲೇ ತಿರುವಿನ ಗಂಟೂ ಬಿಚ್ಚಿತು. ಇಪ್ಪತ್ತೈದು ಕಾರುಗಳು ಒಟ್ಟಿಗೆ ಈ ಕಡೆಗೆ ಹೊರಟವು, ಎಲ್ಲಕ್ಕಿಂತ ಮುಂದೆ ಎಣಿಕೆಯವರ ಸ್ಕೂಟರು. ಗೇಟು ತೆರೆಯಿತು. ಮೊಮ್ಮಗಳು ಅಜ್ಜಿಯನ್ನು ಕಂಡಳು; ದಿನದ ಹಾಗೆ ಒಂದು ಕೈ ಮುಂದೆ ಚಾಚಿಕೊಂಡು ರಸ್ತೆಗೆ ಕಾಲಿಟ್ಟಳು.

ಆ ಕೈ ಹಿಡಿಯಲು ಅಜ್ಜಿಗೆ ಕೈ ಖಾಲಿ ಇರಲಿಲ್ಲ. ಎಡಗೈಯಲ್ಲಿ ಜನ, ಬಲಗೈಯಲ್ಲಿ ಗಾಡಿ. ಅವಳು ಎರಡು ಯಂತ್ರಗಳನ್ನೂ ಸೊಸೆಯ ಕೈಗೆ ತುರುಕಿ ಒಂದು ಕೈಯಲ್ಲಿ ಮಗುವನ್ನು ಹಿಡಿದಳು, ಇನ್ನೊಂದು ಕೈಯನ್ನು ನೆಟ್ಟಗೆ ಮೇಲೆತ್ತಿ ರಸ್ತೆಯ ನಡುವೆ ನಿಂತಳು.

ಟೇಪಜ್ಜಿ: ನಿಲ್ಲಿ. ಒಬ್ಬರೂ ಮುಂದೆ ಬರಬಾರದು.

ಸ್ಕೂಟರು ಕೀಚೆಂದು ನಿಂತಿತು. ಅದರ ಹಿಂದೆ ಬಿಳಿ ಕಾರು, ಕೆಂಪು ಕಾರು, ಕೊನೆಯಲ್ಲಿ ಶಾಲೆಯ ವ್ಯಾನು, ಎಲ್ಲವೂ ಸಾಲಾಗಿ ನಿಂತವು. ಮಕ್ಕಳೆಲ್ಲ ಅಜ್ಜಿಯ ಬೆನ್ನ ಹಿಂದಿನಿಂದ ಹರಟೆ ಹೊಡೆಯುತ್ತಾ ನಿಧಾನವಾಗಿ ದಾಟಿದರು. ಒಬ್ಬ ಹುಡುಗನ ಚೀಲದ ಜಿಪ್ಪು ಬಿಚ್ಚಿತ್ತು. ಅಜ್ಜಿ ಎತ್ತಿದ ಕೈ ಇಳಿಸದೆ ಮೊಮ್ಮಗಳಿಂದ ಅದನ್ನು ಹಾಕಿಸಿ ಕಳಿಸಿದಳು. ಅಷ್ಟರಲ್ಲಿ ನಾಲ್ಕು ಹೊಡೆಯಿತು.

ಎಣಿಕೆಯವರು: ಅಜ್ಜಿ, ನಾನು ಮುನ್ನೂರನೆಯವನು.

ಟೇಪಜ್ಜಿ: ಕಂಬ ದಾಟಿದ್ರಾ?

ಎಣಿಕೆಯವರು ಕಂಬ ನೋಡಿದರು. ಸ್ಕೂಟರಿನ ಮುಂದಿನ ಚಕ್ರಕ್ಕೂ ಕಂಬದ ನೇರಕ್ಕೂ ಒಂದು ಗೇಣು ಬಾಕಿಯಿತ್ತು.

ಎಣಿಕೆಯವರು: ಇಲ್ಲ.

ಟೇಪಜ್ಜಿ: ಹಾಗಾದ್ರೆ ಇಲ್ಲ ಅಂತಲೇ ಬರೀರಿ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಜ್ಜಿಗೆ ಅಳು ಬಂತು. ಅದನ್ನು ಮುಚ್ಚಿಡಲು ಕೊರಳಿನ ಟೇಪಿನ ತುದಿಯನ್ನು ಒಂದೇ ಕೈಯಲ್ಲಿ ಬೆರಳಿಗೆ ಸುತ್ತುತ್ತಾ ನಿಂತಳು.

ಟೇಪಜ್ಜಿ: ಪಟ್ಟೆ ಸಿಗಲಿಲ್ಲಮ್ಮ. ಹೋಗು, ವ್ಯಾನಿನವನ ಹತ್ತಿರ ಮಾತಾಡಿಕೊಂಡು ಬಾ.

ಸೊಸೆ: ಮಾತಾಡಿ ಬಂದೆ ಅತ್ತೆ.

ಟೇಪಜ್ಜಿ: ಏನಂದ?

ಸೊಸೆ: ಅಜ್ಜಿ ಕೈ ಇಳಿಸಿದ್ರೆ ಹೊರಡ್ತೀನಿ ಅಂದ.

ಅಜ್ಜಿ ನೋಡಿಕೊಂಡಳು. ಕೈ ಇನ್ನೂ ಮೇಲೆಯೇ ಇತ್ತು.

ಸೊಸೆ: ಪಟ್ಟೆ ನೋಡಿ ಎಷ್ಟು ಜನ ನಿಲ್ತಿದ್ರೋ ಗೊತ್ತಿಲ್ಲ. ನಿಮ್ಮನ್ನ ನೋಡಿ ಎಲ್ಲರೂ ನಿಂತ್ರು. ಮಗು ನಿಮ್ಮ ಜೊತೆಗೇ ಬರಲಿ. ವ್ಯಾನು ಬೇಡ ಅಂತ ಹೇಳಿ ಬಂದಿದೀನಿ. ಆದ್ರೆ ಇನ್ನು ಮುಂದೆ ಗಾಡಿ ಕರೆಸಬೇಡಿ.

ಮೂರನೇ ಮಹಡಿಯವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

ಮೂರನೇ ಮಹಡಿ: ನಾನೂ ಸೋಮವಾರದಿಂದ ನಡೆದೇ ಬರ್ತೀನಿ ಅಜ್ಜಿ. ಎರಡನೇ ಮಹಡಿಯವರು ಹೇಳ್ತಿದ್ದ ಕತೆ ಅರ್ಧಕ್ಕೇ ನಿಂತಿದೆ, ಮುಂದೇನಾಯ್ತು ಅಂತ ಕೇಳಬೇಕು.

ಅವಳ ಹಿಂದಿನ ಕಾರಿನಿಂದಲೂ, ಅದರ ಹಿಂದಿನದರಿಂದಲೂ ‘ನಾವೂ’ ಎನ್ನುವ ದನಿಗಳು ಬಂದವು. ಸೋದರಮಾವ ಮಾತ್ರ ಇನ್ನೊಂದು ಸುತ್ತು ಹೋಗೋಣ ಎಂದ.

ಎಣಿಕೆಯವರು: ಯೋಚಿಸಿ ಅಜ್ಜಿ. ಎಲ್ಲರೂ ನಡೆದು ಬಂದ್ರೆ ಗಾಡಿ ಮುನ್ನೂರು ಮುಟ್ಟಲ್ಲ. ಈ ಜನ್ಮದಲ್ಲಿ ನಿಮಗೆ ಪಟ್ಟೆ ಸಿಗಲ್ಲ.

ಟೇಪಜ್ಜಿ: ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಟ್ಟೋರಿಗೆ ನಾನು ಒಂದೇ ಮಾತು ಹೇಳ್ತಿದ್ದೆ ಸಾಹೇಬ್ರೇ. ಹಾಗೇ ಇದ್ದುಬಿಡಿ, ಬಟ್ಟೆ ಸರಿಹೋಗುತ್ತೆ ಅಂತ. ಒಬ್ಬರೂ ಇರ್ತಿರಲಿಲ್ಲ. ಈ ರಸ್ತೆ ಹೀಗೇ ಗಾಡಿ ಕಡಿಮೆಯಾಗಿ ಇದ್ದುಬಿಟ್ರೆ ಪಟ್ಟೆ ಯಾಕೆ? ಇಲ್ಲದಿದ್ರೆ ನೀವು ಮತ್ತೆ ಎಣಿಸಕ್ಕೆ ಬನ್ನಿ, ಕುರ್ಚಿ ನಾನೇ ಹಾಕಿಕೊಡ್ತೀನಿ.

ಎಣಿಕೆಯವರು ಫೈಲಿನಲ್ಲಿ ಇನ್ನೂರ ತೊಂಬತ್ತೊಂಬತ್ತು ಎಂದು ಬರೆದು ಮುಚ್ಚಿದರು. ಸೊಸೆಯಿಂದ ಯಂತ್ರಗಳನ್ನು ತೆಗೆದುಕೊಂಡು ಜೇಬಿಗೆ ಹಾಕಿದರು. ಆದರೂ ಹೊರಡಲಿಲ್ಲ. ಕಾಲುಚೀಲದಿಂದ ಪ್ಯಾಂಟಿನ ಅಂಚನ್ನು ಎಳೆದು ಅದನ್ನೇ ನೋಡುತ್ತಾ ನಿಂತರು.

ಎಣಿಕೆಯವರು: ಅಜ್ಜಿ, ಎಣಿಕೆ ಮುಗೀತು. ಇನ್ನು ಹೊಲಿಸಿಕೊಂಡ್ರೆ ಲಂಚ ಆಗಲ್ಲ ಅಲ್ವಾ?

ಟೇಪಜ್ಜಿ: ಆಗಲ್ಲ. ಬನ್ನಿ ಮನೆಗೆ. ಹೊಸದೂ ಒಂದು ಹೊಲಿಯೋಣ, ನಿಲ್ಲಿ, ಅಳತೆ ಇಲ್ಲೇ ತೆಗೀತೀನಿ.

ಟೇಪು ಸೊಂಟ ಸುತ್ತಿ ಬಂತು. ಎಣಿಕೆಯವರ ಮುಖ ಕೆಂಪಾಯಿತು, ಕಣ್ಣು ಹೊರಗೆ ಬಂದವು.

ಟೇಪಜ್ಜಿ: ಉಸಿರು ಬಿಡಿ ಸಾಹೇಬ್ರೇ. ಹೆದರಬೇಡಿ, ಇನ್ನೂ ಎರಡಂಕಿಯಲ್ಲೇ ಇದೆ.